ಅಪ್ಪನ ಲ್ಯಾಪ್‌ಟಾಪೂ ನನ್ನ ಅಪ್‌ಡೇಟೂ

ಊರಿಗೆ ಹೋದರೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅಮ್ಮನ ಮಿಕ್ಸಿ, ಅಪ್ಪನ ಮೊಬೈಲು, ಯಾವುದಾದರೊಂದನ್ನು 'ಸರಿ' ಮಾಡದೆ ಬೆಂಗಳೂರಿನ ಬಸ್ ಹತ್ತುವುದಿಲ್ಲ. ಹೋದ ಸಲ ಕೈಗೆ ಸಿಕ್ಕಿದ್ದು ಅಪ್ಪನ ಲ್ಯಾಪ್‌ಟಾಪ್.

ಅದು ನನ್ನ ಕಾಲೇಜಿನ ಕಾಲದ್ದು. ತೀರಾ ನಿಧಾನವಾಯಿತೆಂದು ಲಿನಕ್ಸ್ ಹಾಕಿ ಅಪ್ಪನಿಗೆ ಕೊಟ್ಟಿದ್ದೆ. ಅರಳಗುಪ್ಪೆಯ ನಮ್ಮ ತೋಟದ ಲೆಕ್ಕವೆಲ್ಲ ಈಗ ಅದರಲ್ಲೇ. ಎಷ್ಟು ಕಾಯಿ ಅಟ್ಟಕ್ಕೆ ಹೋಯಿತು, ಯಾವಾಗ ಸುಲಿಸಿದ್ದು, ತಿಪಟೂರಿನಲ್ಲಿ ಕ್ವಿಂಟಾಲ್ ಕೊಬ್ಬರಿ ಎಷ್ಟಕ್ಕೆ ಹೋಯಿತು, ಎಲ್ಲ. ಅಪ್‌ಡೇಟ್ ಬಂದಿದೆ ಅಂತ ತೋರಿಸ್ತು, ಒತ್ತಿಬಿಟ್ಟೆ. ಅದರಲ್ಲಿ ಹೊಸ ಕರ್ನಲ್ಲೂ ಇತ್ತು. ರೀಸ್ಟಾರ್ಟ್ ಮಾಡಿದರೆ ಲೋಗೋ ಬಂತು, ಅಲ್ಲೇ ನಿಂತಿತು. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ.

"ಚೆನ್ನಾಗಿತ್ತಲ್ಲವ್ವ, ಯಾಕೆ ಮುಟ್ಟೋಕೋದೆ?" ಅಂದರು ಅಪ್ಪ.

ಗೆಳತಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಮಾಡು, ಅರ್ಧ ಗಂಟೆ ಕೆಲಸ" ಅಂದಳು. ಅದನ್ನು ಕೇಳಿಸಿಕೊಂಡ ಅಪ್ಪ ಮೆಲ್ಲಗೆ, "ನಮ್ಮವ್ವನ ಪದ ಅದ್ರಲ್ಲೇ ಅಲ್ವಾ ಇರೋದು?" ಅಂದರು. ಎದೆ ಧಸಕ್ಕೆಂದಿತು. ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ಅವರು ತೀರಿಕೊಳ್ಳುವ ಹಿಂದಿನ ವರ್ಷ ನಾನೇ ರೆಕಾರ್ಡ್ ಮಾಡಿ ಅಲ್ಲಿ ಹಾಕಿದ್ದೆ. ಬೇರೆಲ್ಲೂ ಇರಲಿಲ್ಲ. ದಿನವಿಡೀ ಬೇರೆಯವರಿಗೆ ಬ್ಯಾಕಪ್ ಬಗ್ಗೆ ಹೇಳುವವಳು ನಾನು!

ಆಮೇಲೆ ತಲೆ ಓಡಿತು. ಕರ್ನಲ್ ಅಂದರೆ ಯಂತ್ರದ ಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ಯಜಮಾನ. ಹೊಸದು ಬಂದಾಗ ಲಿನಕ್ಸ್ ಸಾಮಾನ್ಯವಾಗಿ ಹಿಂದಿನದನ್ನು ತಕ್ಷಣ ಅಳಿಸುವುದಿಲ್ಲ, ಪಕ್ಕದಲ್ಲೇ ಇಟ್ಟಿರುತ್ತದೆ. ಆನ್ ಮಾಡಿದ ಕೂಡಲೇ ಶಿಫ್ಟ್ ಒತ್ತಿ ಹಿಡಿದರೆ (ಈಚಿನ ಯಂತ್ರಗಳಲ್ಲಿ ಎಸ್ಕೇಪ್) 'ಗ್ರಬ್' ಎಂಬ ಪಟ್ಟಿ ಬರುತ್ತದೆ. ಅದರಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್'ಗೆ ಹೋದೆ. ಹಳೇ ಕರ್ನಲ್ ಅಲ್ಲೇ ಕೂತಿತ್ತು. ಒತ್ತಿದೆ. ಒಂದು ನಿಮಿಷಕ್ಕೆ ಅಪ್ಪನ ತೋಟದ ಫೋಟೋ ಪರದೆ ಮೇಲೆ! ಒಂಬತ್ತನೇ ಶತಮಾನದ ಕಲ್ಲೇಶ್ವರನ ಗುಡಿ ಇರುವ ಊರಲ್ಲಿ ಕಳೆದ ವರ್ಷದ ಕರ್ನಲ್ಲನ್ನು ಹಳೇದು ಅನ್ನುವುದಕ್ಕೂ ನಾಚಿಕೆಯಾಗಬೇಕು, ಬಿಡಿ.

ರಿಪೇರಿಗೆ ಮೊದಲು ಎರಡು ಪೆನ್‌ಡ್ರೈವ್‌ಗೆ ಎಲ್ಲವನ್ನೂ ನಕಲು ಮಾಡಿದೆ. ಆಮೇಲೆ ಹೊಸ ಕರ್ನಲ್ಲನ್ನೇ ಮತ್ತೆ ಆರಿಸಿ, 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂದು ಸೇರಿಸಿ ಎಫ್10 ಒತ್ತಿದೆ. ಪರದೆ ಮಂಕಾಗಿದ್ದರೂ ಯಂತ್ರ ಎದ್ದಿತು. ಅಲ್ಲಿಗೆ ಗೊತ್ತಾಯಿತು, ಡಿಸ್ಕ್ ಹಾಳಾಗಿಲ್ಲ, ತಕರಾರು ಹೊಸ ಕರ್ನಲ್ಲಿಗೂ ಹಳೇ ಗ್ರಾಫಿಕ್ಸ್‌ಗೂ ನಡುವಿನದು. ಹಳೇ ಕರ್ನಲ್ಲಿಗೆ ಮರಳಿ ಹೊಸದನ್ನು ತೆಗೆದೆ, ಸದ್ಯಕ್ಕೆ ಬೇರೆ ಕರ್ನಲ್ ಬರದಂತೆ 'ಹೋಲ್ಡ್' ಹಾಕಿದೆ. ಹೀಗೇ ಬಹಳ ದಿನ ಬಿಡುವಂತಿಲ್ಲ, ಭದ್ರತೆಯ ತಿದ್ದುಪಡಿಗಳೂ ಕರ್ನಲ್ ಜೊತೆಗೇ ಬರುತ್ತವೆ. ಮುಂದಿನದು ಬಂದಾಗ ನಾನೇ ಎದುರಿಗೆ ಕೂತು ನೋಡಬೇಕು.

ರಾತ್ರಿ ಊಟವಾದ ಮೇಲೆ ಅಪ್ಪ ಅಜ್ಜಿಯ ಪದ ಹಾಕಿಸಿಕೊಂಡು ಕೇಳಿದರು. ನಡುವೆ ಅಜ್ಜಿ ಕೆಮ್ಮಿ, "ಸಾಕು ತಗಿಯೇ" ಎಂದು ನನ್ನನ್ನೇ ಬೈಯುತ್ತಾರೆ. ಅಪ್ಪ ಅದನ್ನು ಎರಡು ಸಲ ಹಾಕಿಸಿದರು. ಒಂದು ಪೆನ್‌ಡ್ರೈವ್ ಈಗ ಬೀರುವಿನಲ್ಲಿ, ಪಹಣಿ ಕಾಗದಗಳ ಜೊತೆ ಇದೆ. ಇನ್ನೊಂದು ನನ್ನ ಬ್ಯಾಗಿನಲ್ಲಿ. ಬೆಳಗ್ಗೆ ಹೊರಡುವಾಗ ಅಪ್ಪ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರು.

"ನೀನು ಬಸ್ ಹತ್ತಿದ ಮೇಲೆ ಇಳಿಸ್ಕೋತೀನಿ" ಅಂದರು.