ತಡಸಕ್ಕೆ ಬಂದ ಜೋಕುಮಾರ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ‘ತಡಸ ಕ್ರಾಸ್’ ಅಂದರೆ ಕಂಡಕ್ಟರ್ ಒಮ್ಮೆ ಮುಖ ನೋಡುತ್ತಾನೆ. ಎಲ್ಲರೂ ಹುಬ್ಬಳ್ಳಿತನಕ ನಿದ್ದೆ ಹೊಡೆಯುವವರು, ನಾನೊಬ್ಬ ಮಬ್ಬುಗತ್ತಲಲ್ಲಿ ಬ್ಯಾಗು ಹಿಡಿದು ಇಳಿಯುವವನು. ಅಲ್ಲೊಂದು ಚಹಾ ಕುಡಿದು ಟಂಟಂ ಹತ್ತಿದರೆ ಆಯಿಯ ಮನೆ. ತಡಸ ಶಿಗ್ಗಾಂವಿ ತಾಲ್ಲೂಕಿನ ಊರು. ಇಲ್ಲಿಂದ ಪಶ್ಚಿಮಕ್ಕೆ ಮುಂಡಗೋಡದ ದಾರಿ ಹಿಡಿದರೆ ಕಾಡು ಶುರುವಾಗುತ್ತದೆ. ಪೂರ್ವಕ್ಕೆ ಹೊರಳಿದರೆ ಬಯಲು. ಮಲೆನಾಡಿನವರಿಗೆ ನಾವು ಬಯಲುಸೀಮೆಯವರು, ಬಯಲುಸೀಮೆಯವರಿಗೆ ಮಲೆನಾಡಿನ ಸೆರಗಿನವರು. ಮಳೆ ಕೈಕೊಟ್ಟಾಗ ಮಾತ್ರ ನಾವು ಯಾರು ಅನ್ನೋದು ಬೇಗ ಗೊತ್ತಾಗಿಬಿಡುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಹೋದಾಗ ಹಾಗೇ ಆಗಿತ್ತು. ಹತ್ತು ದಿನದ ಹಿಂದಷ್ಟೇ ಸರ್ಕಾರ ರಾಜ್ಯದ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತ್ತು. ಕಾಕಾನ ಹೊಲದ ಗೋವಿನಜೋಳ ಎದೆಮಟ್ಟಕ್ಕೆ ನಿಂತುಬಿಟ್ಟಿತ್ತು. ಒಂದು ತೆನೆ ಸುಲಿದು ತೋರಿಸಿದ. ಕಾಳು ಅರ್ಧಕ್ಕೇ ನಿಂತಿತ್ತು, ಉಳಿದದ್ದು ಬರೀ ಬೆಂಡು. ಬೀಜ, ಗೊಬ್ಬರಕ್ಕೆ ಮಾಡಿದ ಸಾಲದ ಸುದ್ದಿ ಅವನೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಗಣಪತಿ ಕಳಿಸಿದ ಮರುದಿನ ಮುಂಜಾನೆ ಬಾಗಿಲಲ್ಲಿ ಹಾಡು ಕೇಳಿಸಿತು. ಮೂವರು ಹೆಣ್ಣುಮಕ್ಕಳು, ಒಬ್ಬಾಕೆಯ ತಲೆಯ ಮೇಲೆ ಬುಟ್ಟಿ, ಬುಟ್ಟಿ ತುಂಬ ಬೇವಿನ ತಪ್ಪಲ. ತಪ್ಪಲದ ನಡುವೆ ಮಣ್ಣಿನ ಜೋಕುಮಾರ ಕೂತಿದ್ದ. ಅಗಲ ಮುಖ, ಹೊರಬಂದ ಕಣ್ಣು, ಹುರಿಮೀಸೆ, ತೆರೆದ ಬಾಯಿ, ಬಾಯಿಗೆ ಬೆಣ್ಣೆ. ಗಂಡಸುತನ ಮುಚ್ಚಿಡುವ ಗೋಜಿಗೆ ಹೋಗದ ದೇವರು ಈತ. ಹಾಡಿನಲ್ಲೂ ಅವನ ಪೋಲಿತನದ್ದೇ ಸುದ್ದಿ. ಚಿಕ್ಕಂದಿನಲ್ಲಿ ನಮ್ಮನ್ನು ಒಳಗೆ ಕಳಿಸುತ್ತಿದ್ದದ್ದು ಯಾಕೆ ಅಂತ ಈಗ ಅರ್ಥವಾಯಿತು.

ಉತ್ತರ ಕರ್ನಾಟಕದವರಿಗೆ ಕತೆ ಗೊತ್ತೇ ಇದೆ, ಉಳಿದವರಿಗಾಗಿ ಹೇಳುತ್ತೇನೆ. ಭಾದ್ರಪದ ಅಷ್ಟಮಿಗೆ ಹುಟ್ಟುವ ಜೋಕುಮಾರನ ಆಯುಷ್ಯ ಏಳು ದಿನ. ಹೆಚ್ಚಿನ ಊರುಗಳಲ್ಲಿ ಅಂಬಿಗರ ಮನೆಯ ಹೆಣ್ಣುಮಕ್ಕಳು ಅವನನ್ನು ಹೊತ್ತು ಮನೆಮನೆ ತಿರುಗುತ್ತಾರೆ. ಹುಣ್ಣಿಮೆ ರಾತ್ರಿ ಅವನು ಸಾಯುತ್ತಾನೆ. ಅಗಸರ ಹೆಣ್ಣುಮಗಳ ಬೆನ್ನು ಬಿದ್ದು ಪೆಟ್ಟು ತಿಂದು ಸತ್ತ ಅಂತ ಕತೆ. ಗಣಪತಿ ಬಂದು ಕಡಬು-ಹೋಳಿಗೆ ಉಂಡು ಹೋಗಿ, ‘ಭೂಲೋಕದಾಗ ಎಲ್ಲಾ ಆರಾಮ ಐತಿ’ ಅಂತ ಶಿವನಿಗೆ ವರದಿ ಒಪ್ಪಿಸುತ್ತಾನಂತೆ. ಜೋಕುಮಾರ ಹಾಗಲ್ಲ. ಕೇರಿ ಕೇರಿ ತಿರುಗಿದವನು, ಅಂಬಲಿ ಕುಡಿದವನು, ಒಣಗಿದ ಹೊಲ ನೋಡಿದವನು. ‘ಮಂದಿ ಮಳಿ ಇಲ್ಲದ ಸಾಯಾಕತ್ತಾರ’ ಅಂತ ಹೋಗಿ ಹೇಳುತ್ತಾನೆ. ಆಮೇಲೆ ಮಳೆ. (ನಮ್ಮ ಆಫೀಸಿನಲ್ಲೂ ಈ ಎರಡು ನಮೂನೆಯ ಮ್ಯಾನೇಜರುಗಳನ್ನು ಕಂಡಿದ್ದೇನೆ.)

ಆಯಿ ಮೊರದಲ್ಲಿ ಜೋಳ, ಒಣಮೆಣಸಿನಕಾಯಿ, ಉಪ್ಪು ತಂದಳು, ಅವನ ಬಾಯಿಗೆ ಬೆಣ್ಣೆ ಸವರಿದಳು. ಅವರು ತಿರುಗಿ ಒಂದಿಷ್ಟು ಬೇವಿನ ತಪ್ಪಲ, ಅಂಬಲಿ ಕೊಟ್ಟರು. ಆಗ ನಾನು ನನ್ನ ಜಾಣತನ ತೋರಿಸಿದೆ.

“ಅಕ್ಕಾ, ಇಂಥಾದ್ದೊಂದು ನನಗೂ ಮಾಡಿಸಿಕೊಡ್ತೀರೇನ್ರಿ? ರೊಕ್ಕ ಎಷ್ಟಾದ್ರೂ ಕೊಡ್ತೀನಿ. ಬೆಂಗಳೂರಾಗ ಮನ್ಯಾಗ ಇಡಾಕ.”

ಬುಟ್ಟಿ ಹೊತ್ತಾಕೆ ನಕ್ಕಳು. “ಇಂವ ಹುಣ್ಣಿಮಿಗೆ ಸಾಯಾಂವ ಅದಾನೋ ತಮ್ಮಾ. ನೀ ಒಯ್ದು ಕಪಾಟಿನ್ಯಾಗ ಇಟ್ರ, ಹೋಗಿ ಸುದ್ದಿ ಹೇಳಾವ್ರು ಯಾರು?”

ಆಯಿ ನನ್ನ ಕಡೆ ನೋಡಲೇ ಇಲ್ಲ. ಅವಳಿಗೆ ನಾಚಿಕೆಯಾಗಿತ್ತು.

ಕೇಳಿದ್ದಕ್ಕೆ ಕಾರಣವೂ ಇತ್ತು. ಕಂಪನಿ ಕೆಲಸಕ್ಕೆ ಅಮೆರಿಕದ ಫೀನಿಕ್ಸ್‌ಗೆ ಹೋಗಿದ್ದಾಗ ಅಲ್ಲಿಯ ಹರ್ಡ್ ಮ್ಯೂಸಿಯಂನಲ್ಲಿ ಹೋಪಿ ಜನರ ಕಚೀನಾ ಗೊಂಬೆಗಳನ್ನು ನೋಡಿದ್ದೆ. ಅರಿಜೋನಾದ ಒಣಭೂಮಿಯಲ್ಲಿ ಮಳೆ ನಂಬಿ ಜೋಳ ಬೆಳೆಯುವವರು ಹೋಪಿಗಳು. ಅವರ ಜೋಳ ಅಂದರೆ ನಮ್ಮ ಗೋವಿನಜೋಳವೇ. ಕಚೀನಾಗಳು ಚಳಿಗಾಲದಲ್ಲಿ ಬಂದು ಜುಲೈವರೆಗೆ ಊರಲ್ಲಿದ್ದು, ಜನರ ಪ್ರಾರ್ಥನೆ ಹೊತ್ತು ಬೆಟ್ಟಕ್ಕೆ ಮರಳುವ ದೈವಗಳು. ಮಳೆಗೂ ಅವರೇ ಬೇಕು. ಕಾಟನ್‌ವುಡ್ ಮರದ ಬೇರು ಕೆತ್ತಿ, ಬಣ್ಣ ಹಚ್ಚಿ ಮಾಡಿದ ಗೊಂಬೆಗಳನ್ನು ಕುಣಿತದ ದಿನ ಹೆಣ್ಣುಮಕ್ಕಳಿಗೆ ಕೊಡುತ್ತಾರೆ. ಅದು ಆಟದ ಸಾಮಾನಲ್ಲ. ಗೋಡೆಗೆ ತೂಗುಹಾಕಿ, ಯಾವ ದೈವ ಯಾವುದು ಅಂತ ಮಕ್ಕಳು ಕಲಿಯಲಿ ಅಂತ. ಮಾರಾಟಕ್ಕೆಂದೇ ಕೆತ್ತುವ ಹೋಪಿ ಕಲಾವಿದರೂ ಇದ್ದಾರೆ. ನಾನೂ ಅಂಥದ್ದೊಂದು ತಂದು ಟಿವಿ ಪಕ್ಕ ಇಟ್ಟಿದ್ದೆ. ಅದರ ಜೋಡಿಗೆ ನಮ್ಮೂರ ಜೋಕುಮಾರನನ್ನು ಕೂರಿಸುವ ಆಸೆ.

ಆದರೆ ಎಲ್ಲವೂ ಮಾರಾಟಕ್ಕಿಲ್ಲ. 2013ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಹೋಪಿಗಳ ಪೂಜ್ಯ ಮುಖವಾಡಗಳನ್ನು ಹರಾಜಿಗಿಟ್ಟರು. ಇವು ನಮ್ಮ ಪಾಲಿಗೆ ಜೀವ ಇರುವಂಥವು, ಮಾರಬೇಡಿ ಅಂತ ಹೋಪಿಗಳು ಬೇಡಿಕೊಂಡರೂ ಕೋರ್ಟು ತಡೆಯಲಿಲ್ಲ. ಅದೇ ಡಿಸೆಂಬರಿನ ಇನ್ನೊಂದು ಹರಾಜಿನಲ್ಲಿ ಅಮೆರಿಕದ ಆನೆನ್‌ಬರ್ಗ್ ಪ್ರತಿಷ್ಠಾನ 24 ವಸ್ತುಗಳನ್ನು ಕೊಂಡಿತು, ಮೂಲದವರಿಗೆ ಮರಳಿಸುವುದಕ್ಕೇ. ಇದನ್ನೆಲ್ಲ ಓದಿ ಪ್ಯಾರಿಸ್ಸಿನವರನ್ನು ಬೈದುಕೊಂಡವನು ನಾನು. ನಮ್ಮ ಹೊಸ್ತಿಲಲ್ಲಿ ನಿಂತು ನಾನು ಮಾಡಿದ್ದೂ ಹೆಚ್ಚುಕಡಿಮೆ ಅದೇ ವ್ಯಾಪಾರ.

ಮಧ್ಯಾಹ್ನ ಬೇಸರ ಕಳೆಯಲು ಹೆದ್ದಾರಿ ಬದಿಯ ಗೊಟಗೋಡಿಗೆ ಹೋದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಅಲ್ಲಿದೆ. ಹಳ್ಳಿಯ ಬದುಕಿನ ಆಳೆತ್ತರದ ಸಿಮೆಂಟ್ ಶಿಲ್ಪಗಳು, ನೋಡಲೇಬೇಕಾದ ಜಾಗ. ಮನೆಯಲ್ಲಿ ಇಡುವ ಆಸೆ ನನಗೆ ಅಷ್ಟಿದ್ದರೆ ಇಂಥ ಗೊಂಬೆ ಕೇಳಬೇಕಿತ್ತು. ಇವು ಮಳೆಗೆ ಕರಗುವುದಿಲ್ಲ, ಹುಣ್ಣಿಮೆಗೆ ಸಾಯುವುದಿಲ್ಲ.

ಸಂಜೆ ಕಾಕಾ ಆ ಅಂಬಲಿ, ಬೇವಿನ ತಪ್ಪಲ ತಗೊಂಡು ಹೊಲಕ್ಕೆ ಹೊರಟ. ನಾನೂ ಹಿಂದೆ ಹೋದೆ. ನಾಲ್ಕೂ ಮೂಲೆಗೆ ಅಂಬಲಿ ಚೆಲ್ಲಿದ. ನೆಲ ಎಷ್ಟು ಒಣಗಿತ್ತೆಂದರೆ ಚೆಲ್ಲಿದ್ದು ಕ್ಷಣದಲ್ಲಿ ಇಂಗಿತು.

“ನಂಬ್ತೀಯೇನು ಕಾಕಾ?” ಅಂದೆ.

“ಬ್ಯಾಂಕಿನ್ಯಾಗ ಅರ್ಜಿ ಕೊಡೂಮುಂದ ನಂಬಿ ಕೊಡ್ತೀವೇನು? ಕೊಟ್ಟು ಬರೋದು ಅಷ್ಟ.” ಆಮೇಲೆ ದಾರಿಯಲ್ಲಿ ಅವನೇ ಸಾಲದ ಲೆಕ್ಕ ಹೇಳಿದ. ಪೂರ್ತಿ ಹೇಳಿದ.

ಭಾನುವಾರ ರಾತ್ರಿ ಬಸ್ಸು ಹತ್ತಿದೆ. ಹುಣ್ಣಿಮೆ ಬಂದದ್ದು ಶುಕ್ರವಾರ. ಮರುದಿನ ಆಯಿಗೆ ಫೋನ್ ಮಾಡಿದೆ. ಜೋಕುಮಾರ ಹೋದನೇ ಅಂದೆ.

“ಹೋದ. ರಾತ್ರಿ ನಾಕು ಹನಿ ಬಿತ್ತು ನೋಡು, ಅಂಗಳ ಸೈತ ತೊಯ್ಯಲಿಲ್ಲ.”

“ಮತ್ತ?”

“ನಿನ್ನೆ ಹೋಗ್ಯಾನ. ಹೋಗಿ ಮುಟ್ಟಬೇಕಲ್ಲೋ ತಮ್ಮಾ.”

ಕಾಕಾ ಆ ಹೊತ್ತಿಗೆ ದನಗಳ ಮೇವಿಗೆ ಆಯಿತು ಅಂತ ಗೋವಿನಜೋಳ ಕೊಯ್ಯಲು ಹೋಗಿದ್ದ.