ದೀರ್ಘಯಾನದ ವಿಮಾನವೂ ಅಮೃತಮಹಲಿನ ಕಾವಲೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯ ಬೇಸಾಯಗಾರನು ಹಳ್ಳಿಕಾರ್ ಹೋರಿಯನ್ನು ಕೊಳ್ಳುವಾಗ ಅದರ ಕೊಂಬಿನ ಅಂದವನ್ನು ಮೆಚ್ಚುವನಾದರೂ ಹಣವನ್ನು ಎಣಿಸುವುದು ಅದರ ದಮ್ಮಿಗೆ. ಎಷ್ಟು ಬಿರುಸಾಗಿ ಓಡಿತೆಂಬುದು ಜಾತ್ರೆಯ ಮಾತು. ಹೊರೆಯನ್ನೆಳೆದು ಎಷ್ಟು ಹೊತ್ತು ನಡೆದೀತೆಂಬುದು ಮನೆಯ ಮಾತು. ಬೆಂಗಳೂರಿನ ವಿಮಾನಶಿಲ್ಪಿಗಳನ್ನು ಹತ್ತು ವರ್ಷಕ್ಕೂ ಮೀರಿ ಕಾಡಿದ ಪ್ರಶ್ನೆಯು ಇದಕ್ಕಿಂತ ಬೇರೆಯಾದುದಲ್ಲ.

ಗಡಿಯನ್ನು ಆಕಾಶದಿಂದ ಕಾಯುವ ವಿಮಾನಕ್ಕೆ ವೇಗವು ಭೂಷಣವಲ್ಲ. ಅದು ಬಹಳ ಎತ್ತರದಲ್ಲಿ, ಬಹಳ ಹೊತ್ತು ಸುತ್ತುತ್ತಿರಬೇಕು. 30,000 ಅಡಿಗಳ ಮೇಲಿಂದ ನೋಡಿದರೆ ದಿಗಂತವು 300 ಕಿಲೋಮೀಟರುಗಳಿಗೂ ಆಚೆಗೆ ಸರಿಯುವುದು. ಮಂಡ್ಯದ ಮೇಲಿರುವ ಕಣ್ಣಿಗೆ ಮದ್ದೂರೂ ಮಳವಳ್ಳಿಯೂ ಒಂದೇ ಅಂಗಳದ ಎರಡು ಮೂಲೆಗಳು. ಅಹೋರಾತ್ರಿ ಹಾಗೆ ಎಚ್ಚರವಾಗಿರುವುದು ಮನುಷ್ಯನಿಗೆ ಅಸಾಧ್ಯವಾದುದರಿಂದ ಅದರಲ್ಲಿ ಚಾಲಕನಿಲ್ಲ. ಚಾಲಕರು ನೆಲದ ಮೇಲಣ ಕೊಠಡಿಯಲ್ಲಿ ಸರದಿಯಂತೆ ಕುಳಿತು ಅದನ್ನು ನಡೆಸುವರು.

ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯು 2011ರಲ್ಲಿ ಕೈಗೊಂಡ ಇಂತಹ ವಿಮಾನಕ್ಕೆ ಮೊದಲು ‘ರುಸ್ತುಂ-2’ ಎಂದು ಹೆಸರಿತ್ತು. ಅದು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿದ್ದ ಪ್ರೊಫೆಸರ್ ರುಸ್ತುಂ ದಮಾನಿಯಾ ಅವರ ಸ್ಮರಣಾರ್ಥವಾದುದು. ಬಳಿಕ ‘ತಪಸ್’ ಎಂದಾಯಿತು. ಇದು ಆಂಗ್ಲಪದಗಳ ಮೊದಲಕ್ಷರಗಳಿಂದ ಹೊಂದಿಸಿದ ಹೆಸರಾದರೂ ಗೀರ್ವಾಣವನ್ನು ಬಲ್ಲವರ ಕಿವಿಗೆ ಒಪ್ಪುವಂತಿದೆ. ನಿದ್ರಾಹಾರಗಳಿಲ್ಲದೆ ಒಂದೆಡೆ ನಿಲ್ಲುವುದೇ ತಪಸ್ಸಲ್ಲವೆ? ತಪಸ್ಸಿಗೆ ವಿಘ್ನಗಳೂ ಸಹಜ. 2016ರ ನವೆಂಬರಿನಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಮೊದಲು ಹಾರಿದ ಈ ವಿಮಾನವು 2019ರಲ್ಲಿ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ಬಳಿ ತೋಟದಲ್ಲಿಯೂ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ಹೊಲವೊಂದರಲ್ಲಿಯೂ ಬಿದ್ದಿತು. ಪುಣ್ಯವಶಾತ್ ಪ್ರಾಣಹಾನಿಯಾಗಲಿಲ್ಲ.

ಆದರೆ ಅದರ ನಿಜವಾದ ವಿಘ್ನವು ಭಾರ. ಮೇಲೇರಿದಂತೆ ಗಾಳಿಯು ತೆಳುವಾಗುವುದು. 30,000 ಅಡಿಗಳಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದ ಅರ್ಧಕ್ಕಿಂತಲೂ ಕಡಿಮೆ. ಅಲ್ಲಿ ರೆಕ್ಕೆಗೆ ಆಸರೆಯೂ ಕಡಿಮೆ, ಯಂತ್ರಕ್ಕೆ ಉಸಿರೂ ಕಡಿಮೆ. ವಿಮಾನವು ಎಣಿಸಿದ್ದಕ್ಕಿಂತ ತೂಕವಾದರೆ ಗಳಿಗೆಗಳಿಗೆಗೂ ಹೆಚ್ಚು ಇಂಧನವನ್ನು ಉರಿಸಿ ಬೇಗನೆ ಇಳಿಯಬೇಕಾಗುವುದು. ‘ತಪಸ್’ ಎಣಿಕೆಗಿಂತ ತೂಕವಾಯಿತು. ಸೈನ್ಯದವರು ಬಯಸಿದ್ದು 30,000 ಅಡಿ, 24 ಗಂಟೆ. ಅದು ಮುಟ್ಟಿದ್ದು 28,000 ಅಡಿ, 18 ಗಂಟೆಗಳಿಗಿಂತ ತುಸು ಹೆಚ್ಚು. 2023ರ ಜೂನಿನಲ್ಲಿ ಕಾರವಾರದ ಕಡಲಲ್ಲಿದ್ದ ಸುಭದ್ರಾ ನೌಕೆಯವರು ಅದರ ಹಿಡಿತವನ್ನು ನಡುಹಾದಿಯಲ್ಲಿ ತಮ್ಮ ಕೈಗೆ ತೆಗೆದುಕೊಂಡು ನಡೆಸಿದ್ದು ಸಣ್ಣ ಸಾಧನೆಯಲ್ಲ. ಹಾಗಿದ್ದರೂ 2024ರ ಜನವರಿಯಲ್ಲಿ ಅದನ್ನು ಆದ್ಯತೆಯ ಕಾರ್ಯಗಳ ಪಟ್ಟಿಯಿಂದ ಇಳಿಸಿದ ವಾರ್ತೆ ಬಂದಿತು.

ಈ ಪ್ರಯೋಗಗಳು ನಡೆದ ನೆಲದ ಸಂಗತಿಯು ಶ್ರೀರಂಗಪಟ್ಟಣವುಳ್ಳ ಜಿಲ್ಲೆಯವರಿಗೆ ಹೊರಗಿನದಲ್ಲ. ಚಳ್ಳಕೆರೆಯ ಆ ಬಯಲು ಅಮೃತಮಹಲಿನ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನ್ನಿಸಿಕೊಂಡಿದ್ದ ಗೋಶಾಲೆಗೆ ಅಮೃತಮಹಲೆಂಬ ಹೆಸರನ್ನಿಟ್ಟವನು ಟೀಪು. ಹಳ್ಳಿಕಾರ್ ತಳಿಗೆ ಹತ್ತಿರದ ಆ ಎತ್ತುಗಳೇ ಸೈನ್ಯದ ಫಿರಂಗಿಗಳನ್ನು ಎಳೆದುವು. ಅವುಗಳ ಬಲದಿಂದ ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದು ಚಿದಂಬರವನ್ನು ಸೇರಿದನೆಂದು ಇತಿಹಾಸಕಾರರು ಬರೆದಿರುವರು. ದೀರ್ಘಯಾನಕ್ಕೆ ಹೆಸರಾದ ಪಶುಗಳ ಹುಲ್ಲುಗಾವಲಿನಲ್ಲಿಯೇ ದೀರ್ಘಯಾನದ ವಿಮಾನವನ್ನು ಪರೀಕ್ಷಿಸಿದ್ದು ಕಾಕತಾಳೀಯವೆ ಸರಿ.

ಆದರೆ ಎತ್ತುಗಳ ಕಾಲದಲ್ಲಿ ಸೈನ್ಯಕ್ಕೂ ಹುಲ್ಲಿಗೂ ಜಗಳವಿರಲಿಲ್ಲ. ಹುಲ್ಲೇ ಸೈನ್ಯದ ಇಂಧನವಾಗಿತ್ತು. ಈಗ ರಕ್ಷಣಾ ಸಂಶೋಧನೆಗೆ 4,000 ಎಕರೆಗೂ ಮೀರಿದ ಕಾವಲು ಹೋಗಿ, ಗೋಡೆ ಎದ್ದು, ದನ ಕುರಿಗಳನ್ನು ಮೇಯಿಸಿ ಕಂಬಳಿ ನೇಯ್ದು ಬದುಕುವ ಹಳ್ಳಿಗರ ಮೊರೆಯು ರಾಷ್ಟ್ರೀಯ ಹಸುರು ನ್ಯಾಯಾಧಿಕರಣದವರೆಗೆ ನಡೆಯಿತು. ದೇಶದ ರಕ್ಷಣೆಗೆ ನೆಲ ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ವಿಮಾನವು ಆರು ಗಂಟೆ ಹಿಂದೆ ಬಿದ್ದುದಕ್ಕೆ ಶಿಲ್ಪಿಗಳನ್ನು ಜರೆಯುವುದೂ ತರವಲ್ಲ. ಕಲಿತವರು ಮತ್ತೆ ಕಟ್ಟಬಲ್ಲರು. ಮೇವು ಕಳೆದುಕೊಂಡವನಿಗಾದರೋ ಎರಡನೆಯ ಕಾವಲಿಲ್ಲ. ಯೋಜನೆಯ ವೆಚ್ಚವನ್ನು ಕೋಟಿಗಳಲ್ಲಿ ಬರೆಯುವವರು ಆ ಹುಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿತ್ತು.

2024ರ ಫೆಬ್ರವರಿಯಲ್ಲಿ ಅದೇ ಬಯಲಿನಿಂದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರ ಸೂರ್ಯಶಕ್ತಿಯ ಮಾದರಿ ವಿಮಾನವೊಂದು ಎಂಟೂವರೆ ಗಂಟೆ ಹಾರಿತು. ಅದರ ತೂಕ 23 ಕಿಲೋಗ್ರಾಂ ಮಾತ್ರ. ಮುಂದೆ ಕಟ್ಟುವ ದೊಡ್ಡ ವಿಮಾನವು 20 ಕಿಲೋಮೀಟರುಗಳಷ್ಟು ಎತ್ತರದಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕೆಂಬುದು ಅವರ ಉದ್ದೇಶ. ಹಗಲಿಗೆ ಸೂರ್ಯನಿರುವನು, ರಾತ್ರಿಗೆ ಬೇಕಾದ ವಿದ್ಯುತ್ಕೋಶಗಳನ್ನು ಅದು ತಾನೇ ಹೊತ್ತುಕೊಂಡು ಏರಬೇಕು.