ವಾದ್ಯವೃಂದದ ಗುರುಗಳು ಕಲಿತ ಊರುಗಳು

ಲಂಡನ್ ಮಹಾನಗರದ ವಾಟರ್‌ಲೂ ನಿಲ್ದಾಣದಿಂದ ನೈಋತ್ಯ ದಿಕ್ಕಿಗೆ ಹೊರಡುವ ರೈಲು ಮುಕ್ಕಾಲು ಗಂಟೆಯೊಳಗೆ ವಿಟನ್ ಎಂಬ ಸಣ್ಣ ನಿಲ್ದಾಣವನ್ನು ಮುಟ್ಟುತ್ತದೆ. ಸಾಲುಮನೆಗಳ, ಪುಟ್ಟ ಅಂಗಡಿಗಳ ಸಾಧಾರಣ ಬಡಾವಣೆಯದು. ನೆರೆಯ ಟ್ವಿಕನ್‌ಹ್ಯಾಮ್‌ನಲ್ಲಿ ರಗ್ಬಿ ಆಟದ ಬೃಹತ್ ಕ್ರೀಡಾಂಗಣವಿದೆ. ಇಲ್ಲಿಗೆ ಬರುವ ಪರಸ್ಥಳದವರಲ್ಲಿ ಹೆಚ್ಚಿನವರು ಪಂದ್ಯ ನೋಡಲು ಬಂದವರೇ. ಆದರೆ ಅದೇ ಪರಿಸರದಲ್ಲಿ ಗೋಪುರಗಳುಳ್ಳ ಒಂದು ಹಳೆಯ ಸೌಧವುಂಟು. ಅದರ ಹೆಸರು ನೆಲ್ಲರ್ ಹಾಲ್. ಒಂದೂವರೆ ಶತಮಾನಕ್ಕೂ ಮಿಕ್ಕಿ ಈ ಸೌಧದ ಕಿಟಕಿಗಳಿಂದ ಕ್ಲಾರಿನೆಟ್ಟು, ಕಹಳೆ, ಕೊಂಬುಗಳ ಧ್ವನಿ ಬೆಳಗಿನಿಂದ ಸಂಜೆಯವರೆಗೆ ಹೊರಹೊಮ್ಮುತ್ತಿತ್ತು. ಊದುವಾದ್ಯಗಳ ವೃಂದವನ್ನು ನಡೆಸಬಲ್ಲ ಗುರುಗಳನ್ನು ತಯಾರಿಸುವುದೇ ಅಲ್ಲಿಯ ಕೆಲಸವಾಗಿತ್ತು.

18ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ರಾಜಾಸ್ಥಾನದ ಚಿತ್ರಕಾರನಾಗಿದ್ದ ಸರ್ ಗಾಡ್‌ಫ್ರಿ ನೆಲ್ಲರ್ ಇಲ್ಲಿ ಮನೆ ಕಟ್ಟಿಸಿದ್ದರಿಂದ ಈ ಹೆಸರು ನಿಂತಿತು. ಈಗ ಕಾಣುವ ಸೌಧವು 1848ರ ಸುಮಾರಿಗೆ ಎದ್ದುದು. ಅದನ್ನು ಕಟ್ಟಿಸಿದ ಉದ್ದೇಶ ಸಂಗೀತವಲ್ಲ. ನಿರ್ಗತಿಕರ ಆಶ್ರಮಗಳಲ್ಲಿ ಬೆಳೆಯುತ್ತಿದ್ದ ಬಡಮಕ್ಕಳಿಗೆ ಪಾಠ ಹೇಳುವ ಅಧ್ಯಾಪಕರಿಗಾಗಿ ಸರಕಾರ ಒಂದು ತರಬೇತಿ ಶಾಲೆಯನ್ನು ಇಲ್ಲಿ ತೆರೆಯಿತು. ಮುಂದೆ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನಾದ ಫ್ರೆಡರಿಕ್ ಟೆಂಪಲ್ ಅದರ ಮುಖ್ಯಸ್ಥನಾಗಿದ್ದ. ಕೆಲವೇ ವರ್ಷಗಳಲ್ಲಿ, 1856ರ ಹೊತ್ತಿಗೆ, ಆ ಶಾಲೆ ಮುಚ್ಚಿತು. ಅಧ್ಯಾಪಕರಿಗಾಗಿ ಕಟ್ಟಿದ ಮನೆ ಬರಿದಾಗಿ ನಿಂತ ಆ ಹೊತ್ತಿನಲ್ಲೇ ಸೈನ್ಯಕ್ಕೆ ಇನ್ನೊಂದು ಬಗೆಯ ಅಧ್ಯಾಪಕರ ಅಗತ್ಯ ತಲೆದೋರಿತು.

ಅದರ ಹಿಂದೊಂದು ಮುಖಭಂಗದ ಕತೆಯಿದೆ. 1854ರ ಮೇ ತಿಂಗಳಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೊರಟ ಬ್ರಿಟಿಷ್ ಸೇನೆ ಕಾನ್‌ಸ್ಟಾಂಟಿನೋಪಲ್ ನಗರದ ಎದುರು ದಡದ ಸ್ಕುಟಾರಿಯಲ್ಲಿ ಬೀಡುಬಿಟ್ಟಿತ್ತು. ಕೆಲವು ತಿಂಗಳ ಬಳಿಕ ಫ್ಲಾರೆನ್ಸ್ ನೈಟಿಂಗೇಲ್ ಗಾಯಾಳುಗಳ ಸೇವೆಗೆ ಬಂದಿಳಿದುದೂ ಅಲ್ಲಿಗೇ. ಆ ಊರಿನ ಹೆಸರು ಶಾಲೆಯ ಮಕ್ಕಳಿಗೆ ಅಪರಿಚಿತವಲ್ಲ. ವಿಕ್ಟೋರಿಯಾ ರಾಣಿಯ ಜನ್ಮದಿನವೆಂದು ದೊಡ್ಡ ಕವಾಯತು ಏರ್ಪಟ್ಟಿತು. ನೆರೆದ ದಳಗಳ ಬ್ಯಾಂಡುಗಳೆಲ್ಲ ಒಟ್ಟಾಗಿ ರಾಷ್ಟ್ರಗೀತೆಯನ್ನು ನುಡಿಸತೊಡಗಿದುವು. ಆದರೆ ಒಂದೊಂದು ದಳದ ಶ್ರುತಿ ಒಂದೊಂದು, ಜೋಡಣೆ ಒಂದೊಂದು. ಮಿತ್ರರಾಷ್ಟ್ರಗಳ ಅಧಿಕಾರಿಗಳ ಎದುರಿನಲ್ಲಿ ರಾಣಿಯ ಗೀತೆ ಸಂತೆಯ ಗದ್ದಲವಾಯಿತೆಂದು ಅಂದಿನಿಂದ ಹೇಳಿಕೊಂಡು ಬಂದಿದ್ದಾರೆ.

ತಪ್ಪು ವಾದಕರದಲ್ಲ. ಆ ಕಾಲದಲ್ಲಿ ಬ್ಯಾಂಡಿನ ಖರ್ಚನ್ನು ಆಯಾ ದಳದ ಅಧಿಕಾರಿಗಳೇ ತಮ್ಮ ಜೇಬಿನಿಂದ ಹೊರುತ್ತಿದ್ದರು. ಬ್ಯಾಂಡ್‌ಮಾಸ್ಟರನು ಬಹುಮಟ್ಟಿಗೆ ಸಂಬಳಕ್ಕೆ ಗೊತ್ತುಮಾಡಿದ ಜರ್ಮನ್ ಅಥವಾ ಇಟಾಲಿಯನ್ ನಾಗರಿಕ. ಅವನು ತನಗೆ ರೂಢಿಯಾದ ವಾದ್ಯಗಳನ್ನು ತರಿಸುವನು. ತನಗೆ ತೋಚಿದಂತೆ ಸ್ವರ ಹೊಂದಿಸುವನು. ದಳವು ಯುದ್ಧಕ್ಕೆ ಹೊರಟರೆ ಅವನಿಗೆ ಜೊತೆಗೆ ಹೋಗಬೇಕೆಂಬ ಕಟ್ಟುಪಾಡಿಲ್ಲ. ಗುರು ಹೋದ ಮೇಲೆ ಉಳಿದ ಶಿಷ್ಯರು ನೆನಪಿನಿಂದ ನುಡಿಸುವರು. ಎರವಲು ಗುರುಗಳನ್ನು ನಂಬಿದ ಪರಿಣಾಮವೇ ಸ್ಕುಟಾರಿಯ ಅಪಸ್ವರ.

ರಾಣಿಯ ಚಿಕ್ಕಪ್ಪನ ಮಗನೂ 1856ರಲ್ಲಿ ಸೇನಾ ಮುಖ್ಯಸ್ಥನಾದವನೂ ಆದ ಕೇಂಬ್ರಿಜ್ಜಿನ ಡ್ಯೂಕ್ ಇದಕ್ಕೊಂದು ಪರಿಹಾರವನ್ನು ಯೋಚಿಸಿದ. ಸೈನಿಕರೊಳಗಿನಿಂದಲೇ ಬ್ಯಾಂಡ್‌ಮಾಸ್ಟರರನ್ನು ಬೆಳೆಸಬೇಕೆಂದು 1857ರ ಮಾರ್ಚ್ ತಿಂಗಳಲ್ಲಿ ನೆಲ್ಲರ್ ಹಾಲ್‌ನಲ್ಲಿ ಸೈನಿಕ ಸಂಗೀತ ಶಾಲೆ ಆರಂಭವಾಯಿತು. ಮೊದಲ ನಿರ್ದೇಶಕ ಹೆನ್ರಿ ಶಾಲೆನ್, ಅವನ ಬಳಿಕ ಬಂದ ಕಾರ್ಲ್ ಮಾಂಡೆಲ್, ಇಬ್ಬರೂ ಜರ್ಮನರೇ. ಮುಂದಿನ ತಲೆಮಾರಿನ ಹೊತ್ತಿಗೆ ಆ ಪೀಠದಲ್ಲಿ ಇಂಗ್ಲಿಷರು ಕುಳಿತರು. 1887ರಲ್ಲಿ ಶಾಲೆಗೆ ರಾಜಬಿರುದು ದೊರೆಯಿತು.

ಅಲ್ಲಿ ಎರಡು ಬಗೆಯ ಕಲಿಯುವವರು ಇರುತ್ತಿದ್ದರು. ಒಂದು ವಾದ್ಯವನ್ನು ಚೆನ್ನಾಗಿ ನುಡಿಸಲು ಕಲಿಯುವ ಎಳೆಯರು ಒಂದು ಬಗೆ. ಹಲವು ವರ್ಷ ನುಡಿಸಿ ನುರಿತು, ಇನ್ನು ವೃಂದವನ್ನು ನಡೆಸಲು ಕಲಿಯಬೇಕೆಂದು ಬಂದವರು ಇನ್ನೊಂದು ಬಗೆ. ಎರಡನೆಯವರ ಕಲಿಕೆಯೇ ಕಠಿಣ. ಅವರ ಶಿಕ್ಷಣಕ್ರಮ ಮೂರು ವರ್ಷಗಳದ್ದಾಯಿತು.

ಮೊದಲ ತೊಡಕು ಲಿಪಿಯದು. ನಮ್ಮ ಸಂಗೀತದಲ್ಲಿ ಹಾಡುವವರು ತಮ್ಮ ಕಂಠಕ್ಕೆ ಒಪ್ಪುವ ಷಡ್ಜವನ್ನು ಆರಿಸಿಕೊಳ್ಳುತ್ತಾರೆ. ಪಿಟೀಲು, ಮೃದಂಗಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಊದುವಾದ್ಯಗಳ ಬ್ಯಾಂಡಿನಲ್ಲಿ ಹಾಗಲ್ಲ. ಅಲ್ಲಿ ವಾದ್ಯದ ಕೊಳವೆಯ ಉದ್ದವೇ ಅದರ ಮೂಲಸ್ವರವನ್ನು ಗೊತ್ತುಮಾಡಿಬಿಟ್ಟಿರುತ್ತದೆ. ಬಿ ಫ್ಲಾಟ್ ಎಂಬ ಒಂದೇ ಸ್ವರ ಎಲ್ಲರಿಂದ ಹೊರಡಬೇಕಾದರೆ, ಕೊಳಲಿನವನ ಹಾಳೆಯಲ್ಲಿ ಬಿ ಫ್ಲಾಟ್ ಎಂದೇ ಬರೆದಿರಬೇಕು. ಕ್ಲಾರಿನೆಟ್ಟಿನವನ ಹಾಳೆಯಲ್ಲಿ ಸಿ ಎಂದೂ, ಆಲ್ಟೋ ಸ್ಯಾಕ್ಸೊಫೋನಿನವನಿಗೆ ಜಿ ಎಂದೂ, ಫ್ರೆಂಚ್ ಹಾರ್ನಿನವನಿಗೆ ಎಫ್ ಎಂದೂ ಬರೆದಿರಬೇಕು. ನಾದ ಒಂದು, ಹೆಸರು ನಾಲ್ಕು. ನಿರ್ದೇಶಕನ ಮುಂದಿರುವ ಹಾಳೆಯಲ್ಲಿ ಇಂಥ ಪಂಕ್ತಿಗಳು ಇಪ್ಪತ್ತರಷ್ಟು ಒಂದರ ಕೆಳಗೊಂದು ನಿಂತಿರುತ್ತವೆ. ಅವನ್ನೆಲ್ಲ ಒಂದೇ ನೋಟದಲ್ಲಿ ಓದಿ, ಕಿವಿಗೆ ಬೀಳುವ ಮೊದಲೇ ಮನಸ್ಸಿನಲ್ಲಿ ಕೇಳಿಸಿಕೊಳ್ಳುವುದು ಮೊದಲ ಪಾಠ.

ಎರಡನೆಯದು ಉಸಿರಿನ ಪಾಠ. ನಾಲ್ಕು ಮಾತ್ರೆಯ ಗತಿಗೆ ಕೈಯ ಕೋಲು ಕೆಳಗೆ, ಒಳಗೆ, ಹೊರಗೆ, ಮೇಲಕ್ಕೆ ಚಲಿಸುತ್ತದೆ. ಮೂರು ಮಾತ್ರೆಗೆ ಕೆಳಗೆ, ಹೊರಗೆ, ಮೇಲಕ್ಕೆ. ಆದಿತಾಳ ಹಾಕಲು ಬಲ್ಲ ಮಗುವಿಗೆ ಇದು ಒಂದು ಸಂಜೆಯ ಕೆಲಸ. ಕಷ್ಟವಿರುವುದು ಮೊದಲ ಮಾತ್ರೆಗಿಂತ ಮುಂಚಿನ ಚಲನೆಯಲ್ಲಿ. ಊದುವವನು ಉಸಿರು ತೆಗೆದುಕೊಳ್ಳದೆ ನುಡಿಸಲಾರ. ಕೋಲು ಮೇಲಕ್ಕೇಳುವ ಆ ಒಂದು ಕ್ಷಣದಲ್ಲೇ ಗತಿ ಎಷ್ಟು, ದನಿ ಮೆಲುವೋ ಗಟ್ಟಿಯೋ ಎಂಬುದು ನಲವತ್ತು ಜನರಿಗೆ ತಿಳಿಯಬೇಕು. ಅದಕ್ಕಾಗಿ ಸ್ವತಃ ನಿರ್ದೇಶಕನೂ ಅವರೊಡನೆ ಉಸಿರೆಳೆದುಕೊಳ್ಳಬೇಕು. ವೃಂದದಲ್ಲಿ ಸದ್ದು ಮಾಡದವನು ಅವನೊಬ್ಬನೇ. ಉಸಿರು ಮಾತ್ರ ಎಲ್ಲರ ಜೊತೆಗೆ.

ಮೂರನೆಯದು ಬಯಲಿನ ಪಾಠ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ನಿಮಿಷಕ್ಕೆ 120 ಹೆಜ್ಜೆಯ ನಡಿಗೆಯಲ್ಲಿ ಒಂದು ಹೆಜ್ಜೆಗೆ ಅರ್ಧ ಸೆಕೆಂಡು. ಎಂದರೆ 170 ಮೀಟರು ದೂರದಲ್ಲಿ ನಡೆಯುವ ಸೈನಿಕನಿಗೆ ನಗಾರಿಯ ಪೆಟ್ಟು ಒಂದು ಪೂರ್ತಿ ಹೆಜ್ಜೆ ತಡವಾಗಿ ಕೇಳಿಸುತ್ತದೆ. ಕಿವಿಯನ್ನೇ ನಂಬಿದರೆ ಸಾಲು ಕೆಡುವುದು ನಿಶ್ಚಿತ. ಬಯಲಿನಲ್ಲಿ ವಾದಕನಿಗೆ ಕಣ್ಣೇ ದಿಕ್ಕು. ಬಿಸಿಲಿನದು ಇನ್ನೊಂದು ಕಾಟ. ಕೊಳವೆಯೊಳಗಿನ ಗಾಳಿ ಕಾದಂತೆ ಶ್ರುತಿ ಏರುತ್ತದೆ, ತಣಿದಂತೆ ಇಳಿಯುತ್ತದೆ. ಬೆಳಗ್ಗೆ ನೆರಳಿನಲ್ಲಿ ಸೇರಿಸಿದ ಶ್ರುತಿಯನ್ನು ಮಧ್ಯಾಹ್ನ ಮತ್ತೆ ಸೇರಿಸಬೇಕೆಂಬ ಎಚ್ಚರ ಗುರುವಿಗಿರಬೇಕು.

ಇವೆಲ್ಲಕ್ಕೂ ಪರೀಕ್ಷೆ ನಡೆಯುತ್ತಿದ್ದುದು ನೆಲ್ಲರ್ ಹಾಲ್‌ನ ಹುಲ್ಲುಹಾಸಿನಲ್ಲೇ. ಬೇಸಗೆಯ ಸಂಜೆಗಳಲ್ಲಿ ಸುತ್ತಲಿನ ನಿವಾಸಿಗಳು ಕುರ್ಚಿ, ಕಂಬಳಿ ಹಿಡಿದು ಬಂದು ಬಯಲು ಕಚೇರಿಗಳನ್ನು ಕೇಳುತ್ತಿದ್ದರು. ವಿದ್ಯಾರ್ಥಿಗಳು ಸರದಿಯಂತೆ ವೇದಿಕೆಯೇರಿ ವೃಂದವನ್ನು ನಡೆಸುತ್ತಿದ್ದರು. ದೊಡ್ಡ ಸಂಗೀತಗಾರರೂ ಈ ಶಾಲೆಯನ್ನು ಕಡೆಗಣಿಸಲಿಲ್ಲ. ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳಿಗೆ ಸ್ವರ ಹಾಕಿದ, ಸಾವಿತ್ರಿಯ ಕತೆಯನ್ನು ಗೀತನಾಟಕವಾಗಿಸಿದ ಗುಸ್ತಾವ್ ಹೋಲ್ಸ್ಟ್ 1909ರಲ್ಲಿ ಊದುವಾದ್ಯಗಳ ಬ್ಯಾಂಡಿಗೆಂದೇ ಒಂದು ರಚನೆಯನ್ನು ಮಾಡಿದ. ದಾಖಲೆಗೆ ಸಿಕ್ಕಿರುವಂತೆ ಅದರ ಮೊದಲ ಪ್ರಯೋಗ 1920ರ ಜೂನ್ ತಿಂಗಳಲ್ಲಿ ಇಲ್ಲಿ ನಡೆಯಿತು. ಇಂಗ್ಲೆಂಡಿನ ಹಳ್ಳಿಗಾಡಿನ ಹಾಡುಗಳನ್ನು ಆಧರಿಸಿ ವಾನ್ ವಿಲಿಯಮ್ಸ್ ರಚಿಸಿದ ಜಾನಪದ ಗೀತಮಾಲೆಯೂ 1923ರಲ್ಲಿ ಮೊದಲು ಕೇಳಿಸಿದ್ದು ಇಲ್ಲೇ. ಜಗತ್ತಿನ ಶಾಲಾಕಾಲೇಜುಗಳ ಬ್ಯಾಂಡುಗಳು ಇಂದಿಗೂ ಈ ಎರಡು ಕೃತಿಗಳನ್ನು ಅಭ್ಯಾಸ ಮಾಡುತ್ತವೆ.

ಸೈನ್ಯ ಕಿರಿದಾದಂತೆ ಬ್ಯಾಂಡುಗಳೂ ಕಡಿಮೆಯಾದುವು. 2021ರಲ್ಲಿ ಸಂಗೀತ ಶಾಲೆಯು ನೆಲ್ಲರ್ ಹಾಲನ್ನು ಬಿಟ್ಟು ಪೋರ್ಟ್ಸ್‌ಮತ್ ಬಂದರಿಗೆ ತೆರಳಿತು. ಕಟ್ಟಡ ಮಾರಾಟವಾಯಿತು, ಖಾಸಗಿ ಶಾಲೆಯೊಂದು ಅದನ್ನು ಕೊಂಡಿತು. ಪಾಠ ನಿಂತಿಲ್ಲ, ಸ್ಥಳ ಬದಲಾಗಿದೆ. ಆದರೂ 164 ವರ್ಷ ಕೇಳಿದ ಸ್ವರ ಆ ಕಿಟಕಿಗಳಲ್ಲಿ ಇಲ್ಲ.

ಸ್ಕುಟಾರಿಯ ಪ್ರಶ್ನೆ ಸ್ವತಂತ್ರ ಭಾರತಕ್ಕೂ ಎದುರಾಯಿತು. 1947ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ನಡೆದಾಗ ನಮ್ಮ ನಿಯೋಗದ ಬಳಿ ರಾಷ್ಟ್ರಗೀತೆಯನ್ನು ಕೇಳಲಾಯಿತು. ಅವರಲ್ಲಿದ್ದುದು ಜನಗಣಮನದ ಒಂದು ಧ್ವನಿಮುದ್ರಿಕೆ. ಅದನ್ನು ಕೇಳಿ ಅಭ್ಯಾಸ ಮಾಡಿ ಅಲ್ಲಿಯ ವಾದ್ಯವೃಂದ ನುಡಿಸಿತು. ಈ ಪ್ರಸಂಗವನ್ನು ಜವಾಹರಲಾಲ್ ನೆಹರೂ 1948ರ ಆಗಸ್ಟ್ ತಿಂಗಳಲ್ಲಿ ಸಂವಿಧಾನ ಸಭೆಗೆ ವಿವರಿಸಿ, ರಾಷ್ಟ್ರಗೀತೆಯು ಬ್ಯಾಂಡುಗಳಿಗೂ ವಾದ್ಯವೃಂದಗಳಿಗೂ ಒಗ್ಗಬೇಕಾದ ಅಗತ್ಯವನ್ನು ತಿಳಿಸಿದರು. 1950ರ ಜನವರಿ 24ರಂದು ಜನಗಣಮನ ರಾಷ್ಟ್ರಗೀತೆಯಾಯಿತು. ಅದನ್ನು ದೇಶದುದ್ದಕ್ಕೂ ಒಂದೇ ಶ್ರುತಿಯಲ್ಲಿ, ಒಂದೇ ಜೋಡಣೆಯಲ್ಲಿ, 52 ಸೆಕೆಂಡಿನ ಮಿತಿಯಲ್ಲಿ ನುಡಿಸಬಲ್ಲ ಬ್ಯಾಂಡುಗಳು ಬೇಕು. ಆ ಬ್ಯಾಂಡುಗಳಿಗೆ ಗುರುಗಳು ಬೇಕು.

ಆ ಗುರುಗಳ ಊರು ಮಧ್ಯಪ್ರದೇಶದ ಪಚಮಢಿ. ಇಟಾರ್ಸಿಯಿಂದ ಜಬಲ್‌ಪುರಕ್ಕೆ ಹೋಗುವ ರೈಲುಮಾರ್ಗದಲ್ಲಿ ಪಿಪರಿಯಾ ಎಂಬ ನಿಲ್ದಾಣದಲ್ಲಿಳಿದು ಸುಮಾರು 50 ಕಿಲೋಮೀಟರು ಸಾತ್ಪುರ ಬೆಟ್ಟಗಳನ್ನು ಏರಬೇಕು. ನರ್ಮದೆಯ ಬಯಲಿನ ಗೋಧಿಹೊಲಗಳು ಹಿಂದೆ ಸರಿಯುತ್ತವೆ. ತೇಗದ, ಸಾಲವೃಕ್ಷಗಳ ಕಾಡು ದಾರಿಯ ಎರಡೂ ಬದಿಗೆ ಒತ್ತಿ ಬರುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಈ ಮಟ್ಟಸ ನೆಲ ಗೊಂಡರು, ಕೊರಕೂ ಜನರ ತಾಯ್ನಾಡು. ಪಾಂಡವರು ವನವಾಸದಲ್ಲಿ ತಂಗಿದರೆಂದು ಜನ ನಂಬುವ ಐದು ಗುಹೆಗಳಿಂದ ಊರಿಗೆ ಹೆಸರು ಬಂದಿದೆ. ಸಮೀಪದ ಧೂಪಗಢ, 1,350 ಮೀಟರು ಎತ್ತರದ್ದು, ಸಾತ್ಪುರದ ಅತ್ಯುನ್ನತ ಶಿಖರ. ಬ್ರಿಟಿಷರ ಕಾಲದಲ್ಲಿ ಮಧ್ಯಪ್ರಾಂತದ ಬೇಸಗೆಯ ರಾಜಧಾನಿಯಾಗಿದ್ದ ಈ ಊರಿನಲ್ಲಿ ಇಂದು ಭೂಸೇನೆಯ ಶಿಕ್ಷಣ ವಿಭಾಗದ ತರಬೇತಿ ಕೇಂದ್ರವಿದೆ. ಸೈನಿಕ ಸಂಗೀತ ಶಾಖೆ ಅದರ ಒಂದು ಅಂಗ.

ಈ ಶಾಖೆ 1950ರಲ್ಲಿ ಸ್ಥಾಪನೆಯಾದುದು ಕನ್ನಡನಾಡಿನ ಮಣ್ಣಿನ ಮಗನೊಬ್ಬನ ಆಶ್ರಯದಲ್ಲಿ. ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಅಧಿಕಾರಿಗಳು ನಮ್ಮವರಾದರೆ ಸಾಲದು, ಬ್ಯಾಂಡಿನ ಗುರುಗಳೂ ನಮ್ಮಲ್ಲೇ ಕಲಿತವರಾಗಬೇಕೆಂಬ ಧೋರಣೆ ಅವರ ಅಧಿಕಾರಾವಧಿಯಲ್ಲಿ ಕಾರ್ಯರೂಪಕ್ಕೆ ಬಂತು. ಜನವರಿ 29ರ ಸಂಜೆ ದಿಲ್ಲಿಯ ವಿಜಯ ಚೌಕದಲ್ಲಿ ಗಣರಾಜ್ಯೋತ್ಸವದ ಸಮಾರೋಪಕ್ಕೆ ಬ್ಯಾಂಡುಗಳು ಒಂದಾಗಿ ಹೆಜ್ಜೆ ಹಾಕುವುದನ್ನು ದೂರದರ್ಶನದಲ್ಲಿ ನೋಡುವವರಿಗೆ ಪಚಮಢಿಯ ಹೆಸರು ಕೇಳಿಸುವುದಿಲ್ಲ. ಆದರೆ ಬೇರೆ ಬೇರೆ ದಳಗಳಿಂದ, ಬೇರೆ ಬೇರೆ ಭಾಷೆಯ ಹಳ್ಳಿಗಳಿಂದ ಬಂದ ನೂರಾರು ವಾದಕರು ಒಂದೇ ಉಸಿರಿನಲ್ಲಿ ಆರಂಭಿಸಿ ಒಂದೇ ಪೆಟ್ಟಿಗೆ ನಿಲ್ಲಿಸುವ ಹಿಂದೆ ಇರುವುದು ಈ ಬೆಟ್ಟದೂರಿನ ಪಾಠವೇ.

ಕನ್ನಡಿಗರಿಗೆ ಈ ವಿದ್ಯೆ ಹೊಸತಲ್ಲ. ಮೈಸೂರಿನ ಅರಸರು 19ನೆಯ ಶತಮಾನದಲ್ಲೇ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡನ್ನು ಸಾಕಿದ್ದರು. ಅದಕ್ಕೂ ಒಂದು ಕಾಲದಲ್ಲಿ ಒಟ್ಟೋ ಸ್ಮಿತ್ ಎಂಬ ಜರ್ಮನ್ ಗುರುವಿದ್ದ. ಶಂಕರಾಭರಣದ ಛಾಯೆಯ ಮೈಸೂರು ರಾಜಗೀತೆ ಆ ಬ್ಯಾಂಡಿನ ಕೈಯಲ್ಲಿ ಮನೆಮಾತಾಯಿತು. ಆ ಪರಂಪರೆ ಇಂದು ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದು ದಸರೆಯ ದಿನಗಳಲ್ಲಿ ಜನರ ಎದುರಿಗೆ ಬರುತ್ತದೆ.

ಗಡಿಯಾಚೆಯ ಕನ್ನಡ ಶಾಲೆಗಳ ಮನೆಮಂದಿಗೆ ನೆಲ್ಲರ್ ಹಾಲ್‌ನ ವೃತ್ತಾಂತದಲ್ಲಿ ತಮ್ಮ ಅನುಭವದ ಎಳೆಯೊಂದು ಕಾಣದಿರದು. ಕಟ್ಟಡವಿದೆ, ಮಕ್ಕಳಿದ್ದಾರೆ, ಪುಸ್ತಕಗಳೂ ತಡವಾಗಿಯಾದರೂ ಬರುತ್ತವೆ. ಆದರೆ ಮಕ್ಕಳ ನುಡಿ ಬಲ್ಲ ಅಧ್ಯಾಪಕ ನಿವೃತ್ತನಾದ ಮೇಲೆ ಆ ಸ್ಥಾನಕ್ಕೆ ಯಾರು ಬರುವರೆಂಬ ಚಿಂತೆ ಪ್ರತಿ ಜೂನ್ ತಿಂಗಳಿನದು. ವಾದಕರು ಎಷ್ಟೇ ಇರಲಿ, ಗುರುವನ್ನು ತಯಾರಿಸುವ ಮನೆಯೊಂದು ಇಲ್ಲವಾದರೆ ಒಂದು ತಲೆಮಾರಿನಲ್ಲಿ ಶ್ರುತಿ ತಪ್ಪುತ್ತದೆಂದು ಸ್ಕುಟಾರಿ ತೋರಿಸಿತು. ಮೂರೇ ವರ್ಷಗಳಲ್ಲಿ ಅಂಥ ಮನೆಯನ್ನು ತೆರೆಯಬಹುದೆಂದು ವಿಟನ್ ತೋರಿಸಿತು. ಗಣರಾಜ್ಯವಾದ ವರ್ಷದಲ್ಲೇ ಅದನ್ನು ಮಾಡಬಹುದೆಂದು ಪಚಮಢಿ ತೋರಿಸಿತು.

ಆಗಸ್ಟ್ 15ರ ಬೆಳಗ್ಗೆ ಗಡಿನಾಡಿನ ಯಾವುದೋ ಶಾಲೆಯ ಅಂಗಳದಲ್ಲಿ ಎರಡು ಡ್ರಮ್ಮು, ನಾಲ್ಕು ಬ್ಯೂಗಲ್ ಹಿಡಿದ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ವ್ಯಾಯಾಮದ ಮೇಷ್ಟ್ರು ಬರಿಗೈಯನ್ನು ಮೇಲಕ್ಕೆತ್ತುತ್ತಾರೆ. ಮಕ್ಕಳು ಅವರ ಕೈಯನ್ನೇ ನೋಡುತ್ತ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ.